ಗೊರಕೆ ನಿಂತ ಹೊತ್ತು

"ನನ್ನ ಕಣ್ಣು ತೆಗೆದವಳು ಇವಳೇ!"

ಟೈಲರ್ ಮೇಷ್ಟ್ರು ಸೊಸೆಯತ್ತ ಬೆರಳು ತೋರಿಸಿದಾಗ ಮಹಡಿ ಮನೆಯ ಅತ್ತಿಗೆ, ನಾದಿನಿ ಇಬ್ಬರೂ ಬಾಗಿಲಿಗೆ ಬಂದಿದ್ದರು. ಗಲಾಟೆ ಕೇಳಿ ಅತ್ತಿಗೆಯನ್ನು ಕರೆತಂದವಳು ನಾದಿನಿಯೇ. ಅತ್ತಿಗೆ ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದರೂ ಅಕ್ಕಪಕ್ಕದವರಿಗೆ ಇನ್ನೂ ಇನ್ಸ್‌ಪೆಕ್ಟರಮ್ಮ.

ಹಿಂದಿನ ದಿನ ಸೊಸೆ, "ಬಟ್ಟೆ ಕತ್ತರಿಸೋದು ನನಗೂ ಕಲಿಸಿ ಮಾವ" ಎಂದು ಕೇಳಿ ಬೈಸಿಕೊಂಡಿದ್ದಳು. ರಾತ್ರಿ ಎಂದಿನಂತೆ ಮಾವನ ಉರಿಯುವ ಕಣ್ಣುಗಳಿಗೆ ಹನಿ ಹಾಕಿದ್ದಳು. ಬೆಳಿಗ್ಗೆ ಎದ್ದರೆ ಮೇಷ್ಟ್ರ ಬಲಗಣ್ಣಿಗೆ ಕೆಳಗಿನ ಅರ್ಧವೆಲ್ಲ ಕತ್ತಲು.

"ಕತ್ತರಿ ಕೊಡದ್ದಕ್ಕೆ ಸೇಡು ಇದು. ಪೊಲೀಸರು ಬರಲಿ!"

"ಬಂದಿದೀನಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. "ಹನಿ ಯಾವ ಕಣ್ಣಿಗೆ ಹಾಕಿದ್ದು?"

"ಎರಡಕ್ಕೂ," ಎಂದಳು ಸೊಸೆ.

"ಬಲಗಣ್ಣಲ್ಲಿ ನೋವಿದೆಯಾ ಮೇಷ್ಟ್ರೇ?"

"ಇಲ್ಲ."

ಕಣ್ಣು ಕೆಂಪಾಗಿರಲೂ ಇಲ್ಲ. ಅವಳ ನೋಟ ಮೇಷ್ಟ್ರ ಕಾಲರಿಗೆ ಇಳಿಯಿತು. "ಈ ಗುಂಡಿ ಅಂಚಿಗೆ ಸರಿದಿದೆಯಲ್ಲ?"

"ನಾನೇ ಸರಿಸಿ ಹೊಲಿದೆ. ಕತ್ತು ಬಿಗಿಯುತ್ತೆ. ಕಣ್ಣು ಹೋಗಿದೆ ಅಂದ್ರೆ ಗುಂಡಿ ಕೇಳ್ತೀರಲ್ಲ!"

ಅವಳು ಮೇಷ್ಟ್ರ ಹೆಂಡತಿಯತ್ತ ತಿರುಗಿದಳು. "ನೀವು ಇವರ ಕೋಣೇಲೇ ಮಲಗ್ತೀರಾ?"

"ಎಲ್ಲಿ ತಾಯಿ! ಆ ಗೊರಕೆಗೆ ಗೋಡೆ ಅದುರುತ್ತೆ. ಪಕ್ಕದ ಕೋಣೆ ಸೇರ್ಕೊಂಡಿದೀನಿ. ನಡುನಡುವೆ ನಿಲ್ಲುತ್ತೆ ನೋಡಿ, ಆಗ ನನಗೊಂದು ಜೊಂಪು."

ಇನ್ಸ್‌ಪೆಕ್ಟರಮ್ಮ ಎಲ್ಲರನ್ನೂ ಕೂರಿಸಿದಳು. "ಕೊಂಚ ಹೊತ್ತು ಯಾರೂ ಮಾತಾಡಬೇಡಿ."

ಕೂತಲ್ಲೇ ತೂಕಡಿಸುವ ಅಭ್ಯಾಸದ ಮೇಷ್ಟ್ರ ಗದ್ದ ಆರಾಮ ಕುರ್ಚಿಯಲ್ಲಿ ಬೇಗನೆ ಎದೆಗೆ ಬಿತ್ತು. ಗೊರಕೆ ಎದ್ದಿತು, ಥಟ್ಟನೆ ನಿಂತಿತು. ಎದೆ ಏಳುತ್ತಿತ್ತು, ಗಾಳಿ ಮಾತ್ರ ಆಡುತ್ತಿರಲಿಲ್ಲ. ನಾದಿನಿ ತನ್ನ ಉಸಿರನ್ನೂ ಬಿಗಿಹಿಡಿದಳು.

"ಅಯ್ಯೋ, ಉಸಿರೇ ಇಲ್ಲ!" ಹೆಂಡತಿ ಚೀರಿದಳು. ಮೇಷ್ಟ್ರು ಗಕ್ಕೆಂದು ಉಸಿರೆಳೆದು ಕಣ್ಣುಬಿಟ್ಟರು.

"ಅಪರಾಧಿ ಸಿಕ್ಕಿತು," ಎಂದಳು ಇನ್ಸ್‌ಪೆಕ್ಟರಮ್ಮ. "ಹನಿ ಬಿದ್ದದ್ದು ಎರಡೂ ಕಣ್ಣಿಗೆ, ಮಂಕಾದದ್ದು ಒಂದೇ. ವಿಷವಾಗಿದ್ರೆ ಉರಿ, ಕೆಂಪು ಬೇಡವೇ? ಅಳತೆ ಹಿಡಿದು ಅರ್ಧಕ್ಕೇ ನಿಲ್ಲುತ್ತಾ? ಕತ್ತು ದಪ್ಪವಾಗಿ, ನಿದ್ದೇಲಿ ಇವರ ಗಂಟಲು ಮುಚ್ಚಿಹೋಗುತ್ತೆ. ಗೊರಕೆ ನಿಂತಾಗ ನೀವು ನೆಮ್ಮದಿ ಅಂದುಕೊಂಡ್ರಿ, ಆಗ ಇವರಿಗೆ ಉಸಿರು ಕಟ್ಟುತ್ತಿತ್ತು. ಹಾಗಾದಾಗ ಕಣ್ಣಿನ ನರಕ್ಕೆ ಸಾಕಷ್ಟು ಪ್ರಾಣವಾಯು ಸಿಗದೆ ಪೆಟ್ಟು ಬೀಳೋದುಂಟು. ಎದ್ದಾಗಲೇ ಗೊತ್ತಾಗೋದು. ನನ್ನ ಯಜಮಾನರಿಗೂ ಹೀಗೇ ಆಗಿತ್ತು. ಖಚಿತ ಮಾಡಬೇಕಾದವರು ಮಾತ್ರ ಡಾಕ್ಟರು. ಹನಿಯ ಸೀಸೆಯನ್ನೂ ತಗೊಂಡು ಈಗಲೇ ಹೊರಡಿ."

"ಹೋದದ್ದು ಬರುತ್ತಾ?" ಮೇಷ್ಟ್ರು ಕೇಳಿದರು.

"ಹೇಳಲಾರೆ. ಇನ್ನೊಂದನ್ನ ಉಳಿಸಿಕೊಳ್ಳೋಣ. ಆ ಗೊರಕೆಗೆ ಚಿಕಿತ್ಸೆ ಆಗಲೇಬೇಕು."

ಮೇಷ್ಟ್ರು ಹನಿಯ ಸೀಸೆ ಜೇಬಿಗಿಳಿಸಿ ಎದ್ದರು. ಸೊಸೆಯ ಮುಖ ನೋಡದೆ, "ನೀನೂ ಬಾ ಮಗೂ. ಡಾಕ್ಟರ ಮಾತು ನನಗೆ ತಲೆಗೆ ಹತ್ತಲ್ಲ," ಎಂದರು.

ಸೊಸೆ ಕಣ್ಣೊರೆಸಿಕೊಂಡಳು. "ಬರ್ತೀನಿ ಮಾವ. ಆದ್ರೆ ಅಲ್ಲಿ ಹನಿ ಹಾಕಬೇಕು ಅಂದ್ರೆ ನರ್ಸ್ ಕೈಲೇ ಹಾಕಿಸ್ಕೊಳ್ಳಿ."

ಮೇಷ್ಟ್ರು ಕನ್ನಡಕ ತೆಗೆದು ಅವಳ ಕೈಗಿಟ್ಟರು.

"ಬೇಡ. ನಿನ್ನ ಕೈಲೇ ಹಾಕಿಸ್ಕೋತೀನಿ."