ಮೂರು ಡೆಸಿಬೆಲ್

ಡೇಟಾ ಸೆಂಟರಿನ ತಂತಿಬೇಲಿಗೆ ತಲೆಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದವನ ಹೆಗಲ ಮೇಲೆ ಮೇಪಲ್ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಡೆಲ್ಫೀನ್ ಕಾರು ನಿಲ್ಲಿಸಿ ಇಳಿದಳು.

"ಏನ್ರೀ, ಕಂಪನಿಯೋರಾ? ನಮ್ಮ ಮೇಲೆ ಕಣ್ಣಿಡೋಕೆ ಕಳ್ಸಿದಾರಾ?"

ಅವನು ಮೆಲ್ಲನೆ ಕಣ್ಣು ತೆರೆದ. "ಮುಚ್ಕೊಂಡಿದ್ನಲ್ಲ ಮೇಡಂ, ಹೇಗೆ ಕಣ್ಣಿಡ್ಲಿ?"

ನಗಬಾರದು ಅಂದುಕೊಂಡೇ ಅವಳು ನಕ್ಕುಬಿಟ್ಟಳು.

ಅವನ ಹೆಸರು ಏಮಸ್. ವರ್ಜೀನಿಯಾದ ಆ ಭಾಗದ ಚರ್ಚುಗಳಲ್ಲಿ ಪಿಯಾನೋ ಶ್ರುತಿ ಮಾಡುವವನು. "ಎದುರಿನ ಚರ್ಚಿನಲ್ಲಿ ಎರಡು ದಿನದಿಂದ ಒದ್ದಾಡ್ತಿದೀನಿ. ಒಳಗೆ ಒಂದು ಸ್ವರ ಹಿಡಿದ್ರೆ, ಹೊರಗಿಂದ ಕಂಪ್ಯೂಟರ್ ತಣ್ಣಗಿಡೋ ಈ ಫ್ಯಾನುಗಳು ಇನ್ನೊಂದನ್ನ ಎಳೀತವೆ. ಅದು ಯಾವ ಸ್ವರ ಅಂತ ಕಿವಿಗೊಟ್ಟು ಕೇಳೋಕೆ ಬಂದೆ."

ಡೆಲ್ಫೀನ್ ಹೈಸ್ಕೂಲಿನಲ್ಲಿ ಭೌತವಿಜ್ಞಾನದ ಟೀಚರ್. ಡೇಟಾ ಸೆಂಟರ್ ಶುರುವಾದಂದಿನಿಂದ, ಆ ರಸ್ತೆಯ ಹದಿನಾಲ್ಕು ಮನೆಯವರನ್ನು ಕೂಡಿಸಿಕೊಂಡು, ಒಂದೇ ಮೀಟರ್ ಹಿಡಿದು, ನಾಲ್ಕು ತಿಂಗಳಿಂದ ಅಂಗಳ ಅಂಗಳದಲ್ಲೂ ಸದ್ದು ಅಳೆಯುತ್ತಿದ್ದಳು. ಕೌಂಟಿ ಆಡಳಿತ ಹಾಕಿದ್ದ ಮಿತಿ ಐವತ್ತೈದು ಡೆಸಿಬೆಲ್. ಅವಳ ಮೀಟರ್ ಐವತ್ತೇಳು ತೋರಿಸುತ್ತಿತ್ತು. ಈಗ ಕಂಪನಿ ಪಕ್ಕದಲ್ಲೇ ಎರಡನೇ ಕಟ್ಟಡಕ್ಕೆ ಅನುಮತಿ ಕೇಳಿತ್ತು. ನವೆಂಬರಿನಲ್ಲಿ ಅದನ್ನು ತೀರ್ಮಾನಿಸುವ ಕೌಂಟಿ ಸಭೆ.

ಮರುದಿನದಿಂದ ಏಮಸ್ ಅವಳ ಜೊತೆಗೇ ಮನೆಯಿಂದ ಮನೆಗೆ ನಡೆದ. ಸ್ಟ್ಯಾಂಡ್ ಅವನ ಕೈಯಲ್ಲಿ, ಮೀಟರ್ ಅವಳ ಕೈಯಲ್ಲಿ. ಅಳೆಯುವ ಒಂದೊಂದು ನಿಮಿಷವೂ ಮಾತಾಡುವಂತಿರಲಿಲ್ಲ. ಆಗ ಇಬ್ಬರಿಗೂ ಎದುರಿದ್ದವರ ಮುಖ ನೋಡುವುದೊಂದೇ ಕೆಲಸ. ಹೊನ್ನಬಣ್ಣದ ಬಿಸಿಲಿನಲ್ಲಿ ಅವನ ರೆಪ್ಪೆಗಳೆಷ್ಟು ಉದ್ದ ಎಂದು ಅವಳಿಗೆ ತಿಳಿದದ್ದು ಅಂಥದ್ದೇ ಒಂದು ನಿಮಿಷದಲ್ಲಿ.

"ಅಳೆಯೋಕೆ ಒಬ್ಬರು ಸಾಕಲ್ವೇನಮ್ಮಾ?" ಗೆಣಸಿನ ಪೈ ಕೈಗಿಡುತ್ತಾ ಮುದುಕಿ ಮಿಸ್ ಓಡೆಲ್ ಕಣ್ಣು ಮಿಟುಕಿಸಿದಳು. ಡೆಲ್ಫೀನಳ ಕೆನ್ನೆ ಬಿಸಿಯಾಯಿತು.

ಸಭೆಗೆ ಮೂರು ದಿನವಿರುವಾಗ ಏಮಸ್ ರೆಕಾರ್ಡಿಂಗ್ ಸ್ಟುಡಿಯೋದ ಗೆಳೆಯನಿಂದ ಪರೀಕ್ಷೆ ಮಾಡಿಸಿದ ಒಳ್ಳೆಯ ಮೀಟರೊಂದನ್ನು ತಂದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರು. ಅವಳದ್ದು ಐವತ್ತೇಳು. ಅವನದ್ದು ಐವತ್ನಾಲ್ಕು. ಮತ್ತೆ ಇಟ್ಟರು. ಮತ್ತೆ ಅದೇ.

"ಇದನ್ನ ಸಭೆ ಮುಗಿದ ಮೇಲೆ ತರ್ಬೋದಿತ್ತಲ್ಲ!" ಅವಳು ತನ್ನ ಮೀಟರನ್ನು ಎತ್ತಿಕೊಂಡಳು.

"ಅನುಮಾನ ಬಂದೂ ಸುಮ್ನಿದ್ರೆ, ಆಮೇಲೆ ನಿಮ್ಮ ಮುಖ ಹೇಗೆ ನೋಡ್ಲಿ?"

"ಹೋಗಿ ಇಲ್ಲಿಂದ."

ಅವನು ಹೋದ.

ಆಮೇಲಿನ ಸಂಜೆಗಳು ಉದ್ದವಾಗಿದ್ದವು. ಡೆಲ್ಫೀನ್ ಹಳೆಯ ಅಂಕಿಗಳನ್ನೆಲ್ಲ ಒಂದೊಂದಾಗಿ ತಿದ್ದಿದಳು. ಕಿಟಕಿಯಾಚೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಬಂದವರು ಬೇರೆ ಯಾರೋ ಆಗಿರುತ್ತಿದ್ದರು.

ಸಭೆಯಲ್ಲಿ ಅವಳು ಮೈಕ್ ಹಿಡಿದಳು. "ನಮ್ಮ ಮೀಟರ್ ಮೂರು ಡೆಸಿಬೆಲ್ ಹೆಚ್ಚಿಗೆ ತೋರಿಸ್ತಿತ್ತು. ನಾನು ಮೊದಲೇ ಪರೀಕ್ಷೆ ಮಾಡಿಸ್ಬೇಕಿತ್ತು, ತಪ್ಪು ನಂದೇ. ನಿಜವಾದ ಅಂಕಿ ಐವತ್ನಾಲ್ಕು. ಮಿತಿ ದಾಟಿಲ್ಲ."

ಕಂಪನಿಯ ವಕೀಲ ಹಿಗ್ಗಿ ಹಿಂದಕ್ಕೊರಗಿದ. ಹದಿನಾಲ್ಕು ಮನೆಯವರು ತಲೆ ತಗ್ಗಿಸಿದರು.

"ಆದರೆ ಇದು ಒಂದೇ ಕಟ್ಟಡದ ಸದ್ದು," ಅವಳು ಮುಂದುವರಿಸಿದಳು. "ಅಷ್ಟೇ ಸದ್ದಿನ ಇನ್ನೊಂದು ಸೇರಿದ್ರೆ ಮೂರು ಡೆಸಿಬೆಲ್ ಏರುತ್ತೆ. ಐವತ್ತೇಳು ಆಗುತ್ತೆ, ಮಿತಿ ದಾಟುತ್ತೆ. ಬೇಕಾದ್ರೆ ಕಂಪನಿಯ ಎಂಜಿನಿಯರನ್ನೇ ಕೇಳಿ."

ಸಭೆಯ ಅಧ್ಯಕ್ಷೆ ಕನ್ನಡಕದ ಮೇಲಿಂದ ಎಂಜಿನಿಯರನ್ನು ನೋಡಿದಳು. ಅವನು ವಕೀಲನ ಕಡೆ ನೋಡದೆ, "ಹೌದು, ಸರಿಯಾಗೇ ಹೇಳ್ತಿದಾರೆ," ಅಂದ.

ಕಂಪನಿಯ ಪರ ಮೂರು ಮತ, ವಿರುದ್ಧ ನಾಲ್ಕು. ಸದ್ದು ತಗ್ಗಿಸುವ ದಾರಿ ತೋರಿಸುವ ತನಕ ಎರಡನೇ ಕಟ್ಟಡಕ್ಕೆ ಅನುಮತಿಯಿಲ್ಲ.

ಜನ ಅಪ್ಪಿಕೊಂಡು ಅಳುತ್ತಿದ್ದಾಗ ಅವಳ ಕಣ್ಣು ಕೊನೆಯ ಬೆಂಚಿಗೆ ಹೋಯಿತು. ಅಲ್ಲಿಂದ ಎದ್ದವನು ಬಾಗಿಲು ದಾಟುತ್ತಿದ್ದ. ಅವಳು ಓಡಿದಳು.

ಹೊರಗೆ ಮೆಟ್ಟಿಲ ಮೇಲೆ ಮಸುಕು ನೇರಳೆ ಬೆಳಕು. ಕೆಳಗಿಳಿಯುತ್ತಿದ್ದ ಏಮಸ್ ತಿರುಗಿ ನೋಡಿದ.

"ಇನ್ನೂ ಸಿಟ್ಟಾ?" ಅಂದ.

"ಹೂಂ. ಮೂರು ದಿನ ಬರ್ಲೇ ಇಲ್ವಲ್ಲ, ಅದಕ್ಕೆ."

"ನೀವೇ ಹೋಗಿ ಅಂದ್ರಲ್ಲ."

"ಈಗ ಬಾ ಅಂತಿದೀನಿ."

ಏಕವಚನದ 'ಬಾ' ಕೇಳಿ ಅವನು ಎರಡು ಮೆಟ್ಟಿಲು ಹತ್ತಿ ಅವಳ ಎದುರಿಗೆ ಬಂದ.

"ನೀನಿಲ್ಲದ ಸಂಜೆ ನನಗೆ ಆಗೋದಿಲ್ಲ, ಡೆಲ್ಫೀನ್. ಮೂರು ದಿನದಲ್ಲಿ ಚೆನ್ನಾಗಿ ಗೊತ್ತಾಯ್ತು."

"ನನಗೆ ಮೊದಲ್ನೇ ದಿನಾನೇ ಗೊತ್ತಾಯ್ತು," ಎಂದು ಅವಳು ಅವನ ತಣ್ಣನೆಯ ಕೈಯನ್ನು ತನ್ನ ಕೋಟಿನ ಜೇಬಿನೊಳಗೆ ಎಳೆದುಕೊಂಡಳು.