ಅತ್ತೆಯ ಉಂಗುರಬೆರಳು

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಆರ್ಗನಮ್ಮ ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಚರ್ಚಿನ ಮೊದಲ ಗಂಟೆ ಆಗಲೇ ಹೊಡೆದಿತ್ತು. ಮಗ ಒಮ್ಮೆ ಅಮ್ಮನ ಮುಖ, ಒಮ್ಮೆ ಹೆಂಡತಿಯ ಮುಖ ನೋಡುತ್ತ ನಿಂತಿದ್ದ. ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವ ಆ ಪುಣ್ಯಾತ್ಮನಿಗೆ ಮನೆಯ ಇಬ್ಬರು ಹೆಂಗಸರನ್ನು ಒಂದೇ ಸಮಯಕ್ಕೆ ತರುವುದು ಎಂದೂ ಆಗಿರಲಿಲ್ಲ.

"ನಾನು ಬರಲ್ಲ. ಮೂವತ್ತೊಂದು ವರ್ಷ ಆರ್ಗನ್ ನುಡಿಸಿದ ಕೈ ಇದು. ಈಗ ಹಲಗೆ ಹಿಂದೆ ಕೂತು ತಿದಿ ಒತ್ತಬೇಕಂತೆ... ಇವಳಿಗೋಸ್ಕರ."

ಇವಳು ಎಂದರೆ ಸೊಸೆ. ಅವರ ಚರ್ಚಿನ ಆರ್ಗನ್ ತೀರಾ ಹಳೆಯದು. ಒಬ್ಬರು ಮುಂದೆ ಕುಳಿತು ನುಡಿಸಬೇಕು, ಇನ್ನೊಬ್ಬರು ಹಲಗೆಯ ಮರೆಯಲ್ಲಿ ಹಿಡಿ ಒತ್ತಿ ಅದರ ತಿದಿಗೆ ಗಾಳಿ ತುಂಬಬೇಕು. ತವರಿನಲ್ಲೇ ಆರ್ಗನ್ ಕಲಿತು ಬಂದಿದ್ದರೂ ಸೊಸೆ ಒಂಬತ್ತು ವರ್ಷ ಆ ಮರೆಯಲ್ಲೇ ಇದ್ದಳು. ಅತ್ತೆಯ ದೂರು ಮಾತ್ರ ಪ್ರತಿ ಭಾನುವಾರವೂ ಅದೇ: ಹಾಡಿನ ನಡುನಡುವೆ ಗಾಳಿ ಸಾಲುವುದಿಲ್ಲ, ಸ್ವರ ಸೊರಗುತ್ತದೆ, ಈ ಸೋಮಾರಿ ಅಲ್ಲಿ ಕೂತು ತೂಕಡಿಸುತ್ತಾಳೆ. ಸೊಸೆ ತಪ್ಪಾಯಿತು ಎಂದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಕಳೆದ ಬುಧವಾರ ಸಭಾಪಾಲಕರು ಬಂದು, ಅಮ್ಮನ ಬೆರಳುಗಳು ಸೆಟೆದುಕೊಂಡಿವೆ, ಇನ್ನು ಸೊಸೆ ನುಡಿಸಲಿ, ತಿದಿಗೆ ತೋಳಿನ ಬಲ ಸಾಕು, ಅದನ್ನು ಅಮ್ಮ ನೋಡಿಕೊಳ್ಳಲಿ ಎಂದು ಮೆಲ್ಲನೆ ಹೇಳಿ ಹೋಗಿದ್ದರು.

ದಿನಾ ಬೆಳಿಗ್ಗೆ ಮೊಣಕಾಲೂರಿ, 'ಕರ್ತನೇ, ನಿನಗೆ ಇಷ್ಟವಾದ ಕಡೆ ನನ್ನನ್ನು ಕೂರಿಸು' ಎಂದು ಬೇಡಿಕೊಳ್ಳುತ್ತಿದ್ದವಳು ಆರ್ಗನಮ್ಮ. ಆ ಕಡೆ ಹಲಗೆಯ ಹಿಂದೆಯೂ ಇರಬಹುದೆಂದು ಆಕೆಗೆ ಹೊಳೆದಿರಲಿಲ್ಲ, ಪಾಪ!

"ಅಮ್ಮಾ, ಬೆಳಿಗ್ಗೆ ದೇವರ ಹತ್ರ ಏನು ಕೇಳ್ಕೊಂಡೆ?" ಎಂದ ಮಗ.

ಆಕೆ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿದಳು. ವಿಧೇಯತೆ ಕಾಲಿಗೆ ಬಂದಿತ್ತು, ಮನಸ್ಸು ಮಾತ್ರ ಹೊಸ್ತಿಲಲ್ಲೇ ಮುಖ ಊದಿಸಿಕೊಂಡು ಕುಳಿತಿತ್ತು.

ಹಲಗೆಯ ಹಿಂದೆ ಬೇರೆಯದೇ ಲೋಕವಿತ್ತು. ಮೇಲಿನ ಗಾಜಿನಿಂದ ನೀಲಿ ಬೆಳಕು ಇಳಿಯುತ್ತಿತ್ತು, ಅದರೊಳಗೆ ದೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ತಿದಿ ನಿದ್ದೆ ಹೋದ ಮಗುವಿನಂತೆ ಉಬ್ಬಿ ಇಳಿಯುತ್ತಿತ್ತು. ಸಭೆಯ ಹಾಡು ಎಲ್ಲೋ ದೂರದಿಂದ, ನೆನಪಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು... ಹಿಡಿ ಒತ್ತುತ್ತ ಒತ್ತುತ್ತ ಆರ್ಗನಮ್ಮನಿಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ತಿಳಿಯದಾಯಿತು. ಆಗ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಪುಟ್ಟ ಅಕ್ಷರಗಳು ಕಂಡವು.

'ಕೀರ್ತನೆ ೪೦, ಮೂರನೆಯ ಸಾಲು. ಗಾಳಿ ಇಳಿಸು. ಅತ್ತೆಯ ಉಂಗುರಬೆರಳು ಏಳುವುದಿಲ್ಲ.'

'ಕೀರ್ತನೆ ೭೨, ಕೊನೆ. ಇಳಿಸು. ಕರ್ತನೇ, ತಪ್ಪು ಸ್ವರ ಯಾರಿಗೂ ಕೇಳಿಸದಿರಲಿ.'

ಗೋಡೆಯ ತುಂಬ ಅದೇ. ತನ್ನ ಬೆರಳು ಎಲ್ಲೆಲ್ಲಿ ಎಡವಿತ್ತೋ ಅಲ್ಲೆಲ್ಲ ಗಾಳಿ ತಗ್ಗಿಸಿ, ಆ ತಪ್ಪನ್ನು ಸಭೆಯ ದನಿಯಲ್ಲಿ ಮುಳುಗಿಸಿದ್ದಳು ಸೊಸೆ! ಅದಕ್ಕಾಗಿಯೇ ಒಂಬತ್ತು ವರ್ಷ ಬೈಸಿಕೊಂಡು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ದೇವರ ಮುಂದೆ ಬಾಗಿದವಳು ತಾನೆಂದುಕೊಂಡಿದ್ದಳು ಆರ್ಗನಮ್ಮ... ಬಾಗಿದವಳು ಇಲ್ಲಿದ್ದಳು, ಈ ಸ್ಟೂಲಿನ ಮೇಲೆ. ಆಕೆಗೆ ದುಃಖ ಒತ್ತರಿಸಿ ಬಂತು. ಕಣ್ಣೊರೆಸಲು ಕೈಗೆ ಬಿಡುವಿರಲಿಲ್ಲ, ಹಿಡಿ ಒತ್ತುತ್ತಲೇ ಅತ್ತಳು.

ಕೊನೆಯ ಕೀರ್ತನೆ ಬಂತು. ಮೊದಲ ಚರಣದ ಎರಡನೆಯ ಸಾಲಿನಲ್ಲಿ ಸೊಸೆಯ ಬೆರಳು ತಪ್ಪಿತು. ಮುಂದಿನ ಚರಣದಲ್ಲಿ ಅದೇ ಜಾಗ ಬರುವ ಹೊತ್ತಿಗೆ ಆರ್ಗನಮ್ಮ ಉಸಿರು ಬಿಗಿಹಿಡಿದು ಗಾಳಿ ತಗ್ಗಿಸಿದಳು. ಸ್ವರ ಮೆತ್ತಗಾಯಿತು, ಸಭೆ ಹಾಡುತ್ತಲೇ ಹೋಯಿತು.

ಆರಾಧನೆ ಮುಗಿದೊಡನೆ ಸೊಸೆ ಹಲಗೆಯ ಹಿಂದೆ ಓಡಿ ಬಂದಳು. ಗೋಡೆಯನ್ನೂ ಅತ್ತೆಯ ಮುಖವನ್ನೂ ನೋಡಿ ಬೆಚ್ಚಿದಳು.

"ಅತ್ತೆ... ಎರಡನೇ ಸಾಲಿನಲ್ಲಿ ಗಾಳಿ..."

ಆರ್ಗನಮ್ಮ ಅವಳ ಕೈಯನ್ನು ಹಿಡಿದು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು.

"ತೂಕಡಿಸಿಬಿಟ್ಟೆ ಕಣಮ್ಮ," ಎಂದಳು. "ಪೆನ್ಸಿಲ್ ಎಲ್ಲಿಟ್ಟಿದೀಯ, ಕೊಡು."