ಗೋಡೆಗೆ ತಾಗಿದ ಮಂಚ

ಗಂಗಿಯ ಬಲ ಸೊಂಟದ ಮೇಲೆ ಹುಣ್ಣು ಕಂಡದ್ದು ಮಂಗಳವಾರ ಬೆಳಿಗ್ಗೆ. ತಿಂಗಳ ತಪಾಸಣೆಗೆ ಬಂದ ಡಾಕ್ಟರು ಹೊದಿಕೆ ಸರಿಸಿದರು, ನೋಡಿದರು, ಫೋನು ತೆಗೆದು ನಮ್ಮ ಆರೈಕೆ ಸಂಸ್ಥೆಯ ಕುಮಟಾ ಆಫೀಸಿಗೆ ಹಚ್ಚಿದರು.

ಎಂಟಾಣೆ ನಾಣ್ಯದಷ್ಟು ಅಗಲದ ಹುಣ್ಣು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸದೆ ಒಂದೇ ಕಡೆ ಬಿಟ್ಟರೆ ಬರುವಂಥದ್ದು. ಆದರೆ ಗಂಗಿಯ ತಲೆದೆಸೆಯಲ್ಲಿ ತೂಗುಹಾಕಿದ ಪುಸ್ತಕದಲ್ಲಿ ಹಗಲೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಹಿ ಇತ್ತು. ಆರು ವಾರ, ಒಂದು ದಿನವೂ ತಪ್ಪದೆ. ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾವುದು — ಪುಸ್ತಕವೋ, ಹುಣ್ಣೋ?

"ಪುಸ್ತಕವೇ," ಎಂದರು ನಮ್ಮ ಮುಖ್ಯಸ್ಥ ಕೃಷ್ಣಾನಂದರು. "ಆ ಹುಡುಗಿ ಕೂತಲ್ಲೇ ಸಹಿ ಹಾಕಿದ್ದಾಳೆ. ನಾಳೆ ಹೋಗಿ ನೋಡಿ ಬನ್ನಿ ಮಾಲಿನಿ. ಸಂಜೆ ಐದರೊಳಗೆ ವರದಿ ಬರಲಿ, ಪಟ್ಟಿಯಿಂದ ಅವಳ ಹೆಸರು ತೆಗೆದುಬಿಡೋಣ."

ಆ ಹುಡುಗಿ ಎಂದರೆ ನೀಲಾ. ಭಟ್ಕಳದವಳು, ಮೂವತ್ತರ ಹೆಣ್ಣು, ದಿನವೂ ಬಸ್ಸಿನಲ್ಲಿ ಬಂದು ಗಂಗಿಯ ಆರೈಕೆ ಮಾಡುವವಳು. ಒಮ್ಮೆ ಹೆಸರು ತೆಗೆದರೆ ಭಟ್ಕಳದಿಂದ ಕುಮಟಾದವರೆಗೆ ಯಾವ ಮನೆಯವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ರೋಗಿಯನ್ನು ಕೊಳೆಯಲು ಬಿಟ್ಟವಳು ಎಂಬ ಮಾತು ಅವಳಿಗಿಂತ ಮೊದಲೇ ಬಸ್ಸು ಹತ್ತಿರುತ್ತದೆ.

ಮಾಲಿನಿಯಕ್ಕ ಮೂವತ್ತು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಈಗ ಮನೆಮನೆಗೆ ಹೋಗಿ ನಮ್ಮ ಸಂಸ್ಥೆಯವರ ಆರೈಕೆ ಹೇಗಿದೆ ಎಂದು ನೋಡುತ್ತಾರೆ. ನಾನು, ಅಮಿತಾ, ಅವರ ಹಿಂದೆ ನಮೂನೆ ಹಿಡಿದು ಓಡಾಡುವವಳು. ರೋಗಿಯ ಉಗುರು ಸ್ವಚ್ಛವೇ? ಹೌದು. ಮಾತು? ಇಲ್ಲ. ಹೌದು, ಇಲ್ಲಗಳಲ್ಲಿ ನನ್ನ ದಿನ ಮುಗಿಯುತ್ತದೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು, ಮುಂಚೆ ತಿಳಿಸದೆ, ಆ ಮನೆಗೆ ಹೋದೆವು. ಹೊನ್ನಾವರದಿಂದ ಗೇರುಸೊಪ್ಪ ರಸ್ತೆಯಲ್ಲಿ ಹೋಗಿ ಎಡಕ್ಕಿಳಿದರೆ ಹತ್ತಾರು ಮನೆಗಳ ಕೊಪ್ಪ. ಸುತ್ತ ಬಸಳೆ ಚಪ್ಪರ, ಹೀರೆಬಳ್ಳಿ, ಆಚೆಗೆ ಗದ್ದೆ. ಗಂಗಿಯ ಸೊಸೆ ಸುಪ್ರಿಯಾ ಬಾಗಿಲಲ್ಲಿ ನಮ್ಮನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳು.

"ಊಟ ಆತಾ?" ಮಾಲಿನಿಯಕ್ಕನ ಮೊದಲ ಪ್ರಶ್ನೆ ಎಲ್ಲ ಮನೆಯಲ್ಲೂ ಅದೇ.

"ಆತು... ಇಲ್ಲ, ಆಗ್ಬೇಕು," ಎಂದಳು ಸುಪ್ರಿಯಾ.

ನಾನು ಹನ್ನೊಂದು ವರ್ಷ ಅತ್ತೆಯನ್ನು ನೋಡಿಕೊಂಡವಳು. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೇಳಿದ್ದರೆ ನಾನೂ ಹೀಗೇ ತಡವರಿಸುತ್ತಿದ್ದೆನೇನೋ.

ನೀಲಾ ಅದೇ ಹೊತ್ತಿಗೆ ಹಳ್ಳದಿಂದ ಒಗೆದ ಬಟ್ಟೆಯ ಬಕೆಟ್ಟು ಹೊತ್ತು ಹಿತ್ತಿಲಿಂದ ಬಂದಳು. ನಮ್ಮನ್ನು ನೋಡಿ ಬಕೆಟ್ಟು ಇಳಿಸಿದಳು, ನಮಸ್ಕಾರ ಮಾಡಲಿಲ್ಲ.

ಒಳಗೆ ಮಂಚ. ಅದರ ಎಡಬದಿ ಗೋಡೆಗೆ ತಾಗಿತ್ತು. ಗಂಗಿ ಗೋಡೆಗೆ ಮುಖ ಮಾಡಿ ಎಡ ಮಗ್ಗುಲಲ್ಲಿ ಮಲಗಿದ್ದಳು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಪುಸ್ತಕ ಬಿಡಿಸಿದೆ: 'ಒಂದು ಗಂಟೆ — ಎಡ ಮಗ್ಗುಲು, ಗೋಡೆ ಕಡೆ.' ಸರಿಯಾಗಿಯೇ ಇದೆಯಲ್ಲ?

"ಮೂರು ಗಂಟೆಗೆ?" ಎಂದರು ಮಾಲಿನಿಯಕ್ಕ.

"ಬಲ ಮಗ್ಗುಲು ಮೇಡಂ. ಹುಣ್ಣು ಕಂಡ ಮೇಲೆ ಬೇಡ ಅಂದಿದ್ರು ಡಾಕ್ಟ್ರು. ಬೆನ್ನ ಮೇಲೆ ಮಲಗ್ಸ್ತೆ."

"ದಿನಾ ತಿರುಗಿಸ್ತೀಯಾ?"

"ದಿನಾ."

"ಎಳೆದು?"

ನೀಲಾಳ ಮುಖ ಕೆಂಪಾಯಿತು. "ಎಳೂದಿಲ್ಲ. ನೀವೇ ಕಲ್ಸಿದ್ದು, ಮೊಣಕಾಲು ಮಡ್ಚಿ, ಹೆಗಲು ಹಿಡ್ದು ಉರುಳ್ಸೂದು. ಸುಪ್ರಿಯಕ್ಕನ್ನೇ ಕೇಳಿ. ನಾ ಸುಳ್ಳು ಬರ್ದಿದ್ರೆ ಈಗ್ಲೇ ಬಸ್ಸಿಗೆ ಹೋಗ್ತೆ."

ಮಾಲಿನಿಯಕ್ಕ, ನೀಲಾ ಇಬ್ಬರೂ ಸೇರಿ ಗಂಗಿಯನ್ನು ಮೆಲ್ಲಗೆ ಬೆನ್ನ ಮೇಲೆ ಉರುಳಿಸಿದರು. ಅವಳ ಮುಖ ನಮ್ಮ ಕಡೆ ಬಂತು. ಚುರುಕು ಕಣ್ಣು. ಬಲಗೆನ್ನೆಯ ಮೇಲೆ ದಿಂಬಿನ ಹೊಲಿಗೆ ಒತ್ತಿ ಮೂಡಿದ ಗೆರೆ, ಕೆಳದುಟಿಯಲ್ಲಿ ತುಸು ಕೆಂಪು. ಮುಖ ಸ್ವಚ್ಛವೇ? 'ಹೌದು' ಎಂದು ಬರೆದುಕೊಂಡೆ.

ಮಾಲಿನಿಯಕ್ಕ ಹುಣ್ಣಿನ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. "ಅಮಿತಾ, ಇದು ದುಂಡಗಿಲ್ಲ ನೋಡು. ಒಂದು ಬದಿಗೆ ಉಜ್ಜಿಕೊಂಡು ಹೋಗಿದೆ."

ಬರೆದುಕೊಂಡೆ. ಅರ್ಥವಾಗಲಿಲ್ಲ.

"ನೀಲಾ ಹಳ್ಳಕ್ಕೆ ಹೋದಾಗ ಇಲ್ಲಿ ಯಾರಿರ್ತಾರೆ?"

"ನಾನೇ ಇರ್ತೆ," ಎಂದಳು ಸುಪ್ರಿಯಾ.

"ಬೇರೆ ಯಾರಾದ್ರೂ ಬರ್ತಾರಾ?"

"ಯಾರೂ ಇಲ್ರಾ."

ಉತ್ತರ ಬೇಗ ಬಂತು. ಆದರೆ ಅವಳ ಕಣ್ಣು ಗೋಡೆಯ ಕಡೆ ಹೋಗಿ ಬಂದದ್ದನ್ನು ನಾನೂ ಕಂಡೆ. ಅಲ್ಲಿದ್ದವು ಎರಡೇ ವಸ್ತು. ಒಂದು ನಮ್ಮ ಸಂಸ್ಥೆಯ ನಿಯಮಗಳ ಹಾಳೆ. ಇನ್ನೊಂದು ಹಳೆಯ ಫೋಟೋ — ಕೊರಳ ತುಂಬ ಮಣಿಸರ ಹಾಕಿದ ಇಬ್ಬರು ಹೆಂಗಸರು ಎದುರುಬದುರು ಕೂತಿದ್ದಾರೆ, ಇಬ್ಬರ ಬಾಯೂ ತೆರೆದಿದೆ.

"ಜಗಳವಾ?" ಎಂದರು ಮಾಲಿನಿಯಕ್ಕ.

ಸುಪ್ರಿಯಾ ಮೊದಲ ಸಲ ನಕ್ಕಳು. "ಅಲ್ಲ ಮೇಡಂ. ಮದುವೆ ಹಾಡು ಹೇಳೂದು. ಅತ್ತೆ ಹೆಸ್ರಾದ ಹಾಡುಗಾರ್ತಿ."

ನಾಲ್ಕಕ್ಕೆ ಗಂಗಿಯ ಮಗ ಮಾಬ್ಲ ಬಂದ. ಸಾಮಾನು ಸಾಗಿಸುವ ರಿಕ್ಷಾ ಅವನದು. ಅಂಗಳದಿಂದಲೇ ಶುರುಮಾಡಿದ: "ಇನ್ನೂ ಎಂತ ನೋಡ್ತ್ರಿ? ಸಹಿ ಹೊಡ್ದದ್ದೇ ಹೊಡ್ದದ್ದು. ಅಮ್ಮಂಗೆ ಮಾತು ಬರೂದಿಲ್ಲ, ಯಾರ ಹತ್ರ ದೂರು ಹೇಳ್ತದೆ ಅಂತ."

ನೀಲಾ ತನ್ನ ಚೀಲವನ್ನು ಆಗಲೇ ತುಂಬಿಟ್ಟಿದ್ದಳು. ಅದನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ತುದಿಗೆ ಕೂತಿದ್ದಳು.

"ಒಂದು ಕೇಳ್ತೇನೆ," ಎಂದರು ಮಾಲಿನಿಯಕ್ಕ. "ಈ ಮನೇಲಿ ಎಲೆಯಡಿಕೆ ಯಾರು ಹಾಕ್ತಾರೆ?"

"ಎಂತ ಪ್ರಶ್ನೆ ಇದು? ಕವಳ ಯಾರೂ ಹಾಕೂದಿಲ್ಲ. ಅಮ್ಮ ಹಾಕ್ತಿತ್ತು. ಬಿದ್ದ ಮೇಲೆ ಕವಳದ ಬಟ್ಲನ್ನೇ ಅಟ್ಟಕ್ಕೆ ಹಾಕ್ದೆ."

"ಫೋಟೋದಲ್ಲಿ ಅಮ್ಮನ ಎದುರಿಗೆ ಇರೋದು ಯಾರು?"

"ಪಕ್ಕದ್ಮನೆ ಸೋಮಿ. ನಲವತ್ತು ವರ್ಷದ ಜೋಡಿ. ನಮ್ಮ ಹಾಡು ಒಬ್ರೇ ಹೇಳೂದಲ್ಲ ಮೇಡಂ. ಒಬ್ರು ಎತ್ಬೇಕು, ಇನ್ನೊಬ್ರು ಹಿಡೀಬೇಕು. ಮೊದ್ಲು ಒಂದೇ ಬಟ್ಲಿಂದ ಕವಳ, ಆಮೇಲೆ ಎದ್ರುಬದ್ರು ಕೂತು ಬಾಯಿ ನೋಡ್ಕಂಡೇ..."

ಅವನು ಅಲ್ಲಿಗೇ ನಿಲ್ಲಿಸಿ ಹೆಂಡತಿಯ ಕಡೆ ತಿರುಗಿದ. ಸುಪ್ರಿಯಾ ತಲೆ ತಗ್ಗಿಸಿದ್ದಳು.

"ಸೋಮಿಯನ್ನ ಕರೀರಿ," ಎಂದರು ಮಾಲಿನಿಯಕ್ಕ.

ಸೋಮಿ ಬಂದಳು. ಎಪ್ಪತ್ತರ ಸಣಕಲು ಜೀವ, ಮಣಿಸರಗಳ ಭಾರಕ್ಕೆ ಕೊರಳು ಮುಂದೆ ಬಾಗಿದಂತಿತ್ತು. ತುಟಿ ಕೆಂಪಗಿತ್ತು. ನಮ್ಮೆಲ್ಲರನ್ನೂ ನೋಡಿ ಕೇಳಿದಳು: "ನಾ ಎಂತ ಕೊಲೆ ಮಾಡ್ದೆನಾ ಅಕ್ಕೋರೆ, ಇಷ್ಟು ಜನ ಸೇರೂಕೆ?"

"ಕೂತ್ಕೊಳ್ಳಿ ಸೋಮಕ್ಕ. ಕೊಲೆ ಅಲ್ಲ," ಎಂದು ಮಾಲಿನಿಯಕ್ಕ ನನ್ನ ಕೈಯಿಂದ ನಮೂನೆ ತೆಗೆದುಕೊಂಡರು. "ಅಮಿತಾ, ನಾವು ಬಂದಾಗ ಗಂಗಿಯಕ್ಕ ಯಾವ ಕಡೆ ಮಲಗಿದ್ದರು?"

"ಎಡ ಮಗ್ಗುಲು. ಪುಸ್ತಕದ ಪ್ರಕಾರ ಒಂದು ಗಂಟೆಯಿಂದ."

"ಹಾಗಾದರೆ ದಿಂಬಿನ ಗೆರೆ ಎಡಗೆನ್ನೆಯ ಮೇಲೆ ಇರಬೇಕಿತ್ತು. ಇದ್ದದ್ದು?"

"ಬಲಗೆನ್ನೆಯಲ್ಲಿ."

"ಹಸಿ ಗೆರೆ. ಅಂದರೆ ಕೆಲವೇ ನಿಮಿಷದ ಹಿಂದಿನವರೆಗೂ ಬಲ ಮಗ್ಗುಲಲ್ಲಿದ್ದರು. ನೀಲಾ ಒಂದು ಗಂಟೆಗೆ ಗೋಡೆ ಕಡೆ ತಿರುಗಿಸಿ ಹಳ್ಳಕ್ಕೆ ಹೋಗ್ತಾಳೆ. ಕೂಡಲೇ ಇನ್ನೊಬ್ಬರು ಬಂದು ಈಚೆ ತಿರುಗಿಸ್ತಾರೆ. ನೀಲಾ ಬರುವ ಸಪ್ಪಳ ಕೇಳಿದರೆ ಮತ್ತೆ ಗೋಡೆ ಕಡೆ. ನೀಲಾ ಪುಸ್ತಕ ನಂಬಿ ಮೂರಕ್ಕೆ ಬಲ ಮಗ್ಗುಲಿಗೆ ಹಾಕ್ತಾಳೆ. ಒಂದರಿಂದ ಐದು — ದಿನಾ ನಾಲ್ಕು ಗಂಟೆ ಅದೇ ಸೊಂಟದ ಮೇಲೆ. ಅದೂ ಸ್ಪರ್ಶ ತಿಳಿಯದ ಕಡೆ. ಜೊತೆಗೆ, ವಯಸ್ಸಾದವರೊಬ್ಬರೇ ಉರುಳಿಸಲಾರರು. ಮಂಚದ ಅಂಚಿಗೆ ಎಳೀತಾರೆ. ಅದಕ್ಕೇ ಹುಣ್ಣು ಉಜ್ಜಿದ ಹಾಗಿದೆ. ಯಾರು ಅಂತ ತೋರಿಸಿದ್ದು ತುಟಿಯ ಮೇಲಿನ ಕವಳ. ನೀಲಾ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಸೋಮಿ ಗಂಗಿಯನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು.

"ನನ್ನ ಕೈಯಿಂದ್ಲೇ ಆದದ್ದಾ?" ದನಿ ಇಳಿದಿತ್ತು. "ಗೋಡೆಗೆ ಮುಖ ಮಾಡಿ ಮಲಗಿದವ್ಳ ಸಂಗಡ ಹ್ಯಾಂಗೆ ಹಾಡೂದು ಅಕ್ಕೋರೆ? ಬೆನ್ನು ನೋಡ್ಕಂಡಾ? ಕವಳ ತಿನ್ಸೂದಿಲ್ಲ. ತುಟಿಗೆ ಮುಟ್ಸ್ತೆ ಅಷ್ಟೆ."

"ಹಾಡೂದಾ?" ಎಂದ ಮಾಬ್ಲ. "ಅಮ್ಮಂಗೆ ಮಾತೇ ಇಲ್ಲ."

"ಮಾತು ಬರೂದಿಲ್ಲ," ಎಂದಳು ಸುಪ್ರಿಯಾ. "ಹಾಡು ಬರ್ತದೆ. ಸೋಮಕ್ಕ ಎತ್ತಿದ್ರೆ ಹಿಡೀತದೆ. ತಿಂಗಳಾತು."

"ನಂಗೆ ಹೇಳ್ಳಿಲ್ಲ ನೀನು."

"ಹೇಳಿದ್ರೆ ನೀವು ಆಫೀಸಿಗೆ ಹೇಳ್ತಿದ್ರಿ. ಹೊರಗಿನವ್ರು ಮುಟ್ಟಬಾರ್ದು ಅಂತ ಅಲ್ಲಿ ಬರ್ದದೆ. ಸೋಮಕ್ಕನ್ನ ಬರೂದು ಬೇಡ ಅಂದ್ರೆ ಅತ್ತೆಗೆ ಉಳಿಯೂದು ಎಂತದು?"

"ನನ್ನ ಹೆಸ್ರು ಹೋಗ್ತದೆ ಅಂತ ಗೊತ್ತಿತ್ತಲ್ಲ?" ಜಗಲಿಯಿಂದ ಎದ್ದು ಬಂದಿದ್ದಳು ನೀಲಾ.

"ಸಂಜೆ ಹೇಳ್ತಿದ್ದೆ, ನೀಲಾ."

"ನಾ ಬಸ್ಸು ಹತ್ತಿದ ಮೇಲಾ?"

ಆ ಮಾತು ಇಂದಿಗೆ ಮುಗಿಯದೆ ನಾಳೆಗೂ ಇಬ್ಬರ ನಡುವೆ ಉಳಿಯುವಂಥದ್ದು. ಅದನ್ನು ತೆಗೆಯಲು ಹೊರಗಿನವರಿಂದ ಆಗುವುದಿಲ್ಲ.

ಮಾಲಿನಿಯಕ್ಕ ಎದ್ದು ಗೋಡೆಯ ಹಾಳೆ ಬಿಡಿಸಿಕೊಂಡರು. "ಸೋಮಕ್ಕ ಎಳೆದದ್ದು ನಿಜ. ಆದರೆ ಕದ್ದು ಬರುವ ಹಾಗೆ ಮಾಡಿದ್ದು ಯಾರು? 'ಹೊರಗಿನವರು ರೋಗಿಯನ್ನು ಮುಟ್ಟಬಾರದು.' 'ಮಂಚದ ಒಂದು ಬದಿ ಗೋಡೆಗೆ ತಾಗಿರಬೇಕು.' ಎರಡು ವರ್ಷದ ಹಿಂದೆ ಬೇರೆ ಮನೆಯಲ್ಲಿ ಒಬ್ಬರು ಬಿದ್ದರು ಅಂತ ಆಫೀಸಿನಲ್ಲಿ ಕೂತು ಬರೆದದ್ದು. ಕೆಳಗಿನ ಸಹಿ ನನ್ನದು. ನಮೂನೆಗೆ ನಾನು ಬರೆದ ಪ್ರಶ್ನೆಗಳಲ್ಲಿ ಈ ಹೆಂಗಸು ದಿನವಿಡೀ ಯಾರ ಮುಖ ನೋಡ್ತಾಳೆ ಅನ್ನೋ ಪ್ರಶ್ನೆಯೇ ಇಲ್ಲ."

ಅಲ್ಲೇ ನಿಂತು ಕೃಷ್ಣಾನಂದರಿಗೆ ಫೋನು ಮಾಡಿದರು. "ವರದಿ ನಾಳೆ ಕೊಡ್ತೇನೆ. ನೀಲಾಳ ಹೆಸರು ಎಲ್ಲಿತ್ತೋ ಅಲ್ಲೇ ಇರಲಿ. ತಪ್ಪು ಯಾರದ್ದು ಅಂತ ಕೇಳ್ತೀರಾ? ನನ್ನ ಹೆಸರು ಬರ್ಕೊಳ್ಳಿ."

ಹುಣ್ಣು ಮಾಯುವವರೆಗೆ ಬಲ ಮಗ್ಗುಲು ಬೇಡ. ಹಾಗಾದರೆ ಸೋಮಿ ಕೂರಬೇಕಾದದ್ದು ಎಡಕ್ಕೆ, ಗೋಡೆ ಇದ್ದ ಕಡೆ. ನಾವೆಲ್ಲ ಸೇರಿ ಮಂಚವನ್ನು ಮೂರು ಅಡಿ ಈಚೆಗೆ ಎತ್ತಿಟ್ಟೆವು. ಮಾಬ್ಲ ಎರಡೂ ಬದಿಗೆ ಹಲಗೆ ಕಟ್ಟುತ್ತೇನೆಂದ. ಉರುಳಿಸುವುದನ್ನು ನೀಲಾಳೇ ಸೋಮಿಗೆ ತೋರಿಸಿದಳು, ಮುಖ ಬಿಗಿದುಕೊಂಡೇ. "ಎಳೂದಲ್ಲ ಅಜ್ಜೀ. ಮೊಣಕಾಲು ಮೊದ್ಲು. ಹಾಂ. ಕವಳದ ಕೈ ತೊಳ್ಕಂಡು ಬನ್ನಿ. ತುಟಿಗೂ ಮುಟ್ಸೂದು ಬೇಡ, ಗಂಟ್ಲಿಗೆ ಹೋದ್ರೆ ಕಷ್ಟ."

"ನೀ ನಮ್ಮತ್ತೆಗಿಂತ ಜೋರು ಮಾರಾಯ್ತಿ," ಎನ್ನುತ್ತ ಸೋಮಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮಣೆ ಹಾಕಿ ಕೂತಳು. ಇಬ್ಬರ ಮುಖ ಒಂದು ಗೇಣು ಅಂತರದಲ್ಲಿ ಬಂತು. ಸೋಮಿ ಎತ್ತಿದಳು:

"ಗದ್ದೆಯಂಚಿನ ಮೇಲೆ ಬಂದಾಳೋ ತಂಗಿ..."

ಗಂಗಿಯ ತುಟಿ ಒಂದು ಬದಿಗೆ ಸೊಟ್ಟಗಾಯಿತು, ನಡುಗಿತು. ಆಮೇಲೆ ಒಡೆದ ದನಿಯಲ್ಲಿ, ಅಕ್ಷರ ಅಕ್ಷರವೂ ಸ್ಪಷ್ಟವಾಗಿ:

"...ಕೈಯಲ್ಲಿ ಬಸಳೆಯ ಕುಡಿ."

ಹೊಸಿಲಲ್ಲಿ ನಿಂತಿದ್ದ ಮಾಬ್ಲ ಅಂಗಳಕ್ಕಿಳಿದು ರಿಕ್ಷಾದ ಕಡೆ ಹೋದ. ಅಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ.

ಐದು ಗಂಟೆ ಆಯಿತು. ನೀಲಾ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಪುಸ್ತಕ ತೆಗೆದು ಬರೆದಳು. 'ಎಡ ಮಗ್ಗುಲು' ಎಂದು ಬರೆದು ಎಂದಿನಂತೆ 'ಗೋಡೆ' ಎಂದು ಶುರುಮಾಡಿದವಳು ನಿಂತಳು. ಅದನ್ನು ಹೊಡೆದುಹಾಕಿದಳು. ನಾನು ಅವಳ ಭುಜದ ಮೇಲಿಂದ ಓದಿದೆ:

'ಐದು ಗಂಟೆ — ಎಡ ಮಗ್ಗುಲು, ಸೋಮಜ್ಜಿ ಕಡೆ.'

ಸಹಿ ಹಾಕಿ ಬಸ್ಸಿಗೆ ಓಡಿದಳು.